ಕಂಪ್ಯೂಟರ್‌ನಲ್ಲಿ ಇಂಟರ್ನಲ್ ಟೆಸ್ಟ್: ಮಕ್ಕಳು ಕಲಿತದ್ದು ನಿಜವಾಗಿ ಗೊತ್ತಾಗುತ್ತಾ?

ಕಾನುಮನೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆ ಒಂದು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಬಿ.ಎ. ಎರಡನೇ ಸೆಮಿಸ್ಟರ್‌ನಲ್ಲಿ 120 ಮಕ್ಕಳಿದ್ದಾರೆ. ಮುಕ್ಕಾಲು ಪಾಲು ಕನ್ನಡ ಮಾಧ್ಯಮದವರು. ಈ ಸಲ ಮೊದಲ ಇಂಟರ್ನಲ್ ಟೆಸ್ಟನ್ನು ಕಂಪ್ಯೂಟರ್‌ನಲ್ಲೇ ಮಾಡಿದೆವು. 20 ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಆಯ್ಕೆ, ಅರ್ಧ ಗಂಟೆ. ಲ್ಯಾಬಿನಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇರುವುದು 24. ಹಾಗಾಗಿ ಐದು ತಂಡ ಮಾಡಿ ಕೂರಿಸಿದೆವು.

ಸಂಜೆಗೇ ಅಂಕಪಟ್ಟಿ ಸಿಕ್ಕಿತು. ಸರಾಸರಿ 20ಕ್ಕೆ 15. ತುಂಬಾ ಖುಷಿಯಾಯಿತು. 120 ಉತ್ತರ ಪತ್ರಿಕೆಗಳನ್ನು ಮನೆಗೆ ಹೊತ್ತು ತಂದು ಎರಡು ವಾರ ತಿದ್ದುವುದು ತಪ್ಪಿತಲ್ಲ ಅಂದುಕೊಂಡೆ.

ಮಾರನೇ ದಿನ ಕ್ಲಾಸಿನಲ್ಲಿ ಕೇಳಿದೆ. ‘ಪೂರೈಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಪೂರೈಕೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ, ಅದಕ್ಕೆ ನಿನ್ನೆ ಎಲ್ಲರೂ ಸರಿ ಉತ್ತರ ಒತ್ತಿದ್ದೀರಿ. ಹಾಗಾದರೆ ಅಡಿಕೆ ಬೆಲೆ ಈ ವರ್ಷ ಏರಿದರೆ ಮುಂದಿನ ವರ್ಷವೇ ಬೆಳೆ ದುಪ್ಪಟ್ಟು ಯಾಕೆ ಆಗಲ್ಲ, ಹೇಳಿ.’ ಯಾರೂ ಬಾಯಿ ಬಿಡಲಿಲ್ಲ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ತೋಟ ಇರುವ ಮನೆಯ ಮಕ್ಕಳು. ಸಸಿ ನೆಟ್ಟು ಫಸಲು ನೋಡಲು ಐದಾರು ವರ್ಷ ಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಆ ತಿಳಿವಳಿಕೆಗೂ ಪುಸ್ತಕದ ಪಾಠಕ್ಕೂ ನಂಟೇ ಬೆಳೆದಿಲ್ಲ.

ಹಾಗಾದರೆ ಆ 15 ಅಂಕ ಏನನ್ನು ಅಳೆಯಿತು? ಮೂರು ದಿನದಿಂದ ಇದೇ ಯೋಚನೆ. ಇಂಥ ಟೆಸ್ಟ್ ಮಾಡಿಸಿದವರು, ಬರೆದವರು, ದಯವಿಟ್ಟು ನಿಮ್ಮ ಅನುಭವ ಹೇಳಿ.

ಲೆಕ್ಕದಮೇಷ್ಟ್ರು · ಸೋಮವಾರ ರಾತ್ರಿ 10:25

ಮೇಡಂ, ಮೊದಲು ಒಂದು ಕೆಲಸ ಮಾಡಿ. ನಿಮ್ಮ 20 ಪ್ರಶ್ನೆಗಳಲ್ಲಿ ಎಷ್ಟು ‘ಯಾರು’, ‘ಯಾವುದು’, ‘ಎಂದರೇನು’ ಅಂತ ಕೇಳುತ್ತವೆ, ಎಣಿಸಿ ನೋಡಿ.

ನಾನು ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಹನ್ನೊಂದು ವರ್ಷದಿಂದ ಪಾಠ, ಟೆಸ್ಟ್ ನಡೆಸುವ ತಂತ್ರಾಂಶವಾದ ಮೂಡಲ್‌ನಲ್ಲಿ ಟೆಸ್ಟ್ ಮಾಡಿಸುತ್ತಿದ್ದೇನೆ. ಶುರುವಿನಲ್ಲಿ ನನ್ನದೂ ಇದೇ ಕಥೆ. ಕಂಪ್ಯೂಟರ್‌ಗೆ ತಿದ್ದಲು ಸುಲಭವಾದ ಪ್ರಶ್ನೆಯನ್ನೇ ಕೈ ಬರೆದುಬಿಡುತ್ತದೆ. ನೆನಪಿನ ಪ್ರಶ್ನೆ ಬರೆಯಲು ಎರಡು ನಿಮಿಷ ಸಾಕು. ಯೋಚನೆ ಮಾಡಿಸುವ ಪ್ರಶ್ನೆಗೆ ನನಗೆ ಈಗಲೂ ಮುಕ್ಕಾಲು ಗಂಟೆ ಬೇಕು. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1956ರಲ್ಲಿ ನೆನಪಿನಿಂದ ವಿಮರ್ಶೆವರೆಗೆ ಆರು ಮೆಟ್ಟಿಲು ಹೇಳಿದರಲ್ಲ, ನಮ್ಮ ಟೆಸ್ಟುಗಳು ಮೊದಲ ಮೆಟ್ಟಿಲಲ್ಲೇ ಕೂತುಬಿಡುತ್ತವೆ.

ಇನ್ನೊಂದು ಲೆಕ್ಕ. ನಾಲ್ಕು ಆಯ್ಕೆಯ 20 ಪ್ರಶ್ನೆಗೆ ಏನೂ ಓದದೆ ಕಣ್ಣು ಮುಚ್ಚಿ ಒತ್ತಿದರೂ ಸರಾಸರಿ 5 ಬರುತ್ತದೆ. ಒಂದು ತಪ್ಪಿಗೆ ಮೂರನೇ ಒಂದು ಅಂಕ ಕಳೆದರೆ ಆ 5 ಹೋಗುತ್ತದೆ, ನಿಜ. 15 ತಪ್ಪಿಗೆ 5 ಅಂಕ ಕಟ್. ಆದರೆ ಆಗ ಧೈರ್ಯ ಇರುವವನು ಒತ್ತುತ್ತಾನೆ, ಅಂಜುವವಳು ಬಿಟ್ಟುಬಿಡುತ್ತಾಳೆ, ಇಬ್ಬರಿಗೂ ಅಷ್ಟೇ ಗೊತ್ತಿದ್ದರೂ. ಕಲಿಕೆಯ ಜೊತೆ ಧೈರ್ಯವನ್ನೂ ಅಳೆದ ಹಾಗಾಗುತ್ತದೆ. ಕಾಲೇಜಿನ ಇಂಟರ್ನಲ್‌ಗೆ ನಾನು ಅಂಕ ಕಳೆಯುವುದಿಲ್ಲ.

ಪೇಪರ್ ಟೆಸ್ಟಿನಲ್ಲಿ ದುಡಿಮೆ ಟೆಸ್ಟ್ ಮುಗಿದ ಮೇಲೆ. ಕಂಪ್ಯೂಟರ್ ಟೆಸ್ಟಿನಲ್ಲಿ ದುಡಿಮೆ ಟೆಸ್ಟ್ ಶುರುವಾಗುವ ಮೊದಲು. ‘ತಿದ್ದುವ ಕೆಲಸ ಉಳಿಯಿತು’ ಅಂತ ಯಾರಾದರೂ ಹೇಳಿದರೆ ಅವರ ಪ್ರಶ್ನೆಗಳನ್ನು ಒಮ್ಮೆ ನೋಡಬೇಕು ಅನ್ನಿಸುತ್ತದೆ ನನಗೆ.

ಕಾನುಮನೆ · ಸೋಮವಾರ ರಾತ್ರಿ 10:50

ಎಣಿಸಿದೆ ಸರ್. 17.

ತುಂಗೆದಂಡೆ · ಮಂಗಳವಾರ ಬೆಳಿಗ್ಗೆ 7:15

ನಾನು ತೀರ್ಥಹಳ್ಳಿ ಕಡೆಯವಳು, ಈಗ ಎಂ.ಕಾಂ. ಓದುತ್ತಿದ್ದೇನೆ. ಬರೆಯುವವರ ಕಡೆಯಿಂದ ಹೇಳುತ್ತೇನೆ.

ಡಿಗ್ರಿ ಎರಡನೇ ವರ್ಷದಲ್ಲಿ ಒಂದು ಟೆಸ್ಟನ್ನು ಮನೆಯಿಂದಲೇ ಮೊಬೈಲ್‌ನಲ್ಲಿ ಬರೆಯಲು ಹೇಳಿದ್ದರು. ಜುಲೈ ತಿಂಗಳು. ನಮ್ಮ ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಗದ್ದೆ ದಾಟಿ ಗುಡ್ಡದ ಮೇಲೆ ಹೋಗಬೇಕು. ಅಪ್ಪ ಕೊಡೆ ಹಿಡಿದು ನಿಂತಿದ್ದರು, ನಾನು ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೆ. 13ನೇ ಪ್ರಶ್ನೆಗೆ ನೆಟ್ ಹೋಯಿತು. ವಾಪಸ್ ಬರುವಷ್ಟರಲ್ಲಿ ಟೈಮ್ ಮುಗಿದಿತ್ತು. ಬರೆದ 12 ಉತ್ತರವೂ ಉಳಿದಿರಲಿಲ್ಲ. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ. ಮತ್ತೆ ಬರೆಯಲು ಬಿಡಿ ಅಂತ ಅರ್ಜಿ ಕೊಟ್ಟು ಒಂದು ತಿಂಗಳು ಓಡಾಡಿದೆ. ಆ ಸೊನ್ನೆ ನನ್ನ ಕಲಿಕೆಯನ್ನು ಅಳೆದಿರಲಿಲ್ಲ. ನಮ್ಮ ಊರಲ್ಲಿ ಟವರ್ ಇಲ್ಲ ಅನ್ನುವುದನ್ನು ಅಳೆದಿತ್ತು.

ಆದರೆ ನನಗೆ ತುಂಬಾ ಉಪಕಾರವಾದದ್ದೂ ಕಂಪ್ಯೂಟರ್ ಟೆಸ್ಟೇ. ನಮ್ಮ ಅಕೌಂಟ್ಸ್ ಮೇಡಂ ಪ್ರತಿ ಶನಿವಾರ ಲ್ಯಾಬಿನಲ್ಲಿ ಐದು ಪ್ರಶ್ನೆ ಕೊಡುತ್ತಿದ್ದರು. ಅಂಕ ಇಲ್ಲ. ತಪ್ಪು ಒತ್ತಿದರೆ ತಕ್ಷಣ ಕೆಳಗೆ ಎರಡು ಸಾಲು ಬರುತ್ತಿತ್ತು: ‘ನೀನು ಸವಕಳಿಯನ್ನು ಖರೀದಿ ಬೆಲೆಯ ಮೇಲೆ ಲೆಕ್ಕ ಹಾಕಿದ್ದೀಯ. ಇಲ್ಲಿ ಉಳಿದ ಮೌಲ್ಯದ ಮೇಲೆ ಹಾಕಬೇಕು.’ ನಾನು ಎಲ್ಲಿ ಎಡವಿದೆ ಅಂತ ಅದಕ್ಕೆ ಗೊತ್ತಾಗುತ್ತಿತ್ತು. ಮೇಡಂ ನಮ್ಮ ಹಳೇ ತಪ್ಪುಗಳನ್ನೇ ನೋಡಿ ಒಂದೊಂದು ಆಯ್ಕೆ ಬರೆದಿದ್ದರು ಅಂತ ಆಮೇಲೆ ತಿಳಿಯಿತು. ಪೇಪರ್ ಟೆಸ್ಟ್ ಆದರೆ ಉತ್ತರ ಪತ್ರಿಕೆ ಮೂರು ವಾರ ಬಿಟ್ಟು ಕೈಗೆ ಬರುತ್ತದೆ. ಅಷ್ಟರಲ್ಲಿ ಆ ಪಾಠವೇ ಮರೆತಿರುತ್ತದೆ, ಅಲ್ವಾ?

ಲೆಕ್ಕದಮೇಷ್ಟ್ರು · ಮಂಗಳವಾರ ಬೆಳಿಗ್ಗೆ 8:05

ತಂಗಿ, ನೀನು ಹೇಳಿದ ಶನಿವಾರದ ಟೆಸ್ಟೇ ಈ ಚರ್ಚೆಯಲ್ಲಿ ಮುಖ್ಯವಾದದ್ದು. ರೋಡಿಗರ್ ಮತ್ತು ಕಾರ್ಪಿಕ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದು. ಅಂದರೆ ಟೆಸ್ಟ್ ಕಲಿಕೆಯನ್ನು ಅಳೆಯುವುದಷ್ಟೇ ಅಲ್ಲ, ಟೆಸ್ಟ್ ಬರೆಯುವುದೇ ಕಲಿಕೆ. ವಾರ ವಾರ 120 ಪೇಪರ್ ಯಾವ ಮೇಷ್ಟ್ರಿಗೂ ತಿದ್ದಲಾಗದು. ಕಂಪ್ಯೂಟರ್ ಬೇಕಾಗಿರುವುದು ಅಲ್ಲಿ.

ಲ್ಯಾಬ್‌ಬಾಗಿಲು · ಮಂಗಳವಾರ ಮಧ್ಯಾಹ್ನ 1:30

ಗುಡ್ಡದ ಮೇಲೆ ಕೂತು ಬರೆದ ಮಾತು ಓದಿ ಸುಮ್ನೆ ಇರಲಾಗಲಿಲ್ಲ. ನಾನು ಶಿಕಾರಿಪುರದ ಕಡೆ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಟೆಸ್ಟಿಗೆ ಇಂಟರ್ನೆಟ್ ಬೇಕೇ ಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಬೇಡ.

ನಾವು ಮಾಡುವುದು ಹೀಗೆ. ಒಂದು ಹಳೇ ಲ್ಯಾಪ್‌ಟಾಪಿಗೆ ಮೂಡಲ್ ಹಾಕಿದ್ದೇವೆ. ಅದು ಉಚಿತ ತಂತ್ರಾಂಶ, 2002ರಿಂದ ಇದೆ, ಲೈಸೆನ್ಸ್ ದುಡ್ಡಿಲ್ಲ. ಆ ಲ್ಯಾಪ್‌ಟಾಪನ್ನು ಲ್ಯಾಬಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿಗೆ ಕೇಬಲ್‌ನಲ್ಲಿ ಜೋಡಿಸಿದರೆ ಎಲ್ಲ ಕಂಪ್ಯೂಟರಿಗೂ ಸಿಗುತ್ತದೆ. ಹೊರಗಿನ ನೆಟ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಕ್ಲಾಸ್‌ರೂಮಿನಲ್ಲಿ ಮಾಡಬೇಕಾದರೆ ಒಂದು ವೈಫೈ ರೂಟರ್ ಇಟ್ಟು ಮಕ್ಕಳ ಮೊಬೈಲನ್ನೇ ಬಳಸುತ್ತೇವೆ. ಮನೆಗೆ ಹಾಕುವ ಮಾಮೂಲಿ ರೂಟರ್ ಆದರೆ ಒಂದು ಸಲಕ್ಕೆ 25ಕ್ಕಿಂತ ಜಾಸ್ತಿ ಮೊಬೈಲ್ ಜೋಡಿಸಬೇಡಿ, ಏದುಸಿರು ಬಿಡುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಗ್ಯಾರಂಟಿ. ಸರ್ವರ್ ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆ. ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಸಾಕು. ಲ್ಯಾಬಿನ ಕಂಪ್ಯೂಟರ್‌ಗಳು ಆಫ್ ಆದರೂ ಉತ್ತರ ಹೋಗುವುದಿಲ್ಲ. ಮೂಡಲ್‌ನಲ್ಲಿ ತಾನಾಗಿ ಉಳಿಸುವ ವ್ಯವಸ್ಥೆ ಇದೆ, ಮೊದಲಿಂದಲೂ ಒಂದು ನಿಮಿಷಕ್ಕೆ ಇಟ್ಟಿರುತ್ತಾರೆ. ಒಂದೊಂದು ಪುಟಕ್ಕೆ ಒಂದೇ ಪ್ರಶ್ನೆ ಇಟ್ಟರೆ ಇನ್ನೂ ಒಳ್ಳೆಯದು, ಮುಂದಿನ ಪುಟಕ್ಕೆ ಹೋದಾಗಲೆಲ್ಲ ಹಿಂದಿನದು ಉಳಿಯುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಲಾಗಿನ್ ಆಗಿ ಬಿಟ್ಟಲ್ಲಿಂದ ಬರೆಯಬಹುದು. ಆ ಹುಡುಗ ಅಥವಾ ಹುಡುಗಿಗೆ ಮಾತ್ರ ಟೈಮ್ ಜಾಸ್ತಿ ಕೊಡಲೂ ಬರುತ್ತದೆ. ತುಂಗೆದಂಡೆಯವರಿಗೆ ಆದ ಅನ್ಯಾಯವನ್ನು ಹತ್ತು ನಿಮಿಷದಲ್ಲಿ ಸರಿ ಮಾಡಬಹುದಿತ್ತು. ಯಾರಾದರೂ ಆ ಪುಟ ತೆರೆದು ನೋಡಬೇಕಿತ್ತು ಅಷ್ಟೇ.

ಒಂದು ಸಲ ಅಂಕ ಇಲ್ಲದ ಪೂರ್ವಾಭ್ಯಾಸ ಮಾಡಿಸದೆ ನೇರ ಪರೀಕ್ಷೆಗೆ ಇಳಿಯಬೇಡಿ. 2009ರಲ್ಲಿ ಐಐಎಂಗಳಿಗೆ ಸೇರಲು ಬರೆಯುವ ಕ್ಯಾಟ್ ಪರೀಕ್ಷೆ ಮೊದಲ ಸಲ ಕಂಪ್ಯೂಟರ್‌ಗೆ ಬಂದಾಗ ಶುರುವಿನ ದಿನಗಳಲ್ಲೇ ಹಲವು ಕೇಂದ್ರಗಳಲ್ಲಿ ವೈರಸ್ ಕಾಟ ಕೊಟ್ಟು ಸಾವಿರಾರು ಜನ ಮತ್ತೆ ಬರೆಯಬೇಕಾಯಿತು. ಅಷ್ಟು ದೊಡ್ಡ ಪರೀಕ್ಷೆಗೇ ಹಾಗಾಯಿತು. ಮತ್ತೆ, ಮೌಸ್ ಹಿಡಿದು ಅಭ್ಯಾಸ ಇಲ್ಲದ ಮಕ್ಕಳು ನಮ್ಮಲ್ಲಿ ಇನ್ನೂ ಇದ್ದಾರೆ. ಮೊಬೈಲ್ ಚೆನ್ನಾಗಿ ಬರುತ್ತದೆ, ಲ್ಯಾಬಿನ ಕಂಪ್ಯೂಟರ್ ಎದುರು ಕೈ ನಡುಗುತ್ತದೆ.

ಕೆಂಪುಶಾಯಿ · ಮಂಗಳವಾರ ರಾತ್ರಿ 8:20

ಭದ್ರಾವತಿಯಿಂದ. ನಿವೃತ್ತ ಪ್ರಾಧ್ಯಾಪಕ. 30 ವರ್ಷ ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತಿದ್ದೇನೆ.

ನೀವೆಲ್ಲ ಪ್ರಶ್ನೆಯನ್ನು ಕಂಪ್ಯೂಟರ್‌ಗೆ ಕೊಡುವ ಮಾತಾಡುತ್ತಿದ್ದೀರಿ. ಇನ್ನೊಂದು ದಾರಿಯೂ ಇದೆ. ಮಕ್ಕಳು ಕಾಗದದ ಮೇಲೆ ಪೆನ್ನಿನಲ್ಲೇ ಬರೆಯಲಿ. ಆ ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಮೇಷ್ಟ್ರು ಪರದೆಯ ಮೇಲೆ ತಿದ್ದಲಿ. ನಮ್ಮ ರಾಜ್ಯದಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇದನ್ನು ವರ್ಷಗಳಿಂದ ಮಾಡುತ್ತಿದೆ. ಇದರ ಗುಣ ಕಣ್ಣಾರೆ ಕಂಡಿದ್ದೇನೆ. ಕಾಗದದ ಕಾಲದಲ್ಲಿ ಅಂಕ ಕೂಡಿಸುವಲ್ಲಿ ತಪ್ಪಾಗುತ್ತಿತ್ತು, ಒಳಗಿನ ಒಂದು ಪುಟ ತಿದ್ದದೆ ಉಳಿಯುತ್ತಿತ್ತು. ಬಡ ಮಕ್ಕಳು ದುಡ್ಡು ಕಟ್ಟಿ ಮರುಎಣಿಕೆಗೆ ಹಾಕಬೇಕಿತ್ತು. ಪರದೆಯಲ್ಲಿ ಕೂಡಿಸುವುದು ಯಂತ್ರ. ಪುಟ ಬಿಟ್ಟರೆ ಮುಂದೆ ಹೋಗಲು ಬಿಡುವುದಿಲ್ಲ. ಓದಿ ಬೆಲೆ ಕಟ್ಟುವುದು ಮಾತ್ರ ಮನುಷ್ಯ. ಕನ್ನಡದಲ್ಲಿ ನಾಲ್ಕು ಪುಟ ಕಟ್ಟಿ ಬರೆಯುವ ಶಕ್ತಿ ಮಕ್ಕಳಲ್ಲಿ ಉಳಿಯಬೇಕಾದರೆ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಬರೀ ಆಯ್ಕೆ ಒತ್ತಿ ಡಿಗ್ರಿ ಮುಗಿಸಿದವರು ನಾಳೆ ಒಂದು ಅರ್ಜಿ ಬರೆಯಲು ಕಷ್ಟಪಡುತ್ತಾರೆ.

ಆದರೆ ಅವಸರ ಮಾಡಬಾರದು. 2017ರಲ್ಲಿ ಮುಂಬೈ ವಿಶ್ವವಿದ್ಯಾಲಯ 17 ಲಕ್ಷದಷ್ಟು ಉತ್ತರ ಪತ್ರಿಕೆಗಳನ್ನು ಒಂದೇ ಏಟಿಗೆ ಪರದೆಯ ಮೇಲೆ ತಿದ್ದಿಸಲು ಹೊರಟಿತು. ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು. ಮುಂದಿನ ಓದಿಗೆ ಸೇರಬೇಕಾದ ಮಕ್ಕಳು ಒದ್ದಾಡಿದರು. ಅಕ್ಟೋಬರ್‌ನಲ್ಲಿ ಕುಲಪತಿಯವರನ್ನೇ ಹುದ್ದೆಯಿಂದ ತೆಗೆದರು. ಒಂದು ವಿಷಯದಲ್ಲಿ ಒಂದು ಸೆಮಿಸ್ಟರ್ ಮಾಡಿ ನೋಡಿ ಆಮೇಲೆ ಹಬ್ಬಿಸಿದ್ದರೆ ಹಾಗಾಗುತ್ತಿರಲಿಲ್ಲ.

ಅಕ್ಷರಜೋಡಣೆ · ಬುಧವಾರ ಬೆಳಿಗ್ಗೆ 11:10

ಕೆಂಪುಶಾಯಿ ಸರ್ ಹೇಳಿದ ‘ಕನ್ನಡದಲ್ಲಿ ಬರೆಯುವುದು’ ಅನ್ನುವ ಮಾತು ಹಿಡಿದು ಮುಂದುವರಿಸುತ್ತೇನೆ. ನಾನು ಕನ್ನಡ ತಂತ್ರಾಂಶದ ಕೆಲಸ ಮಾಡುವವನು, ಊರು ಹೊಸನಗರ. ‘ಆಯ್ಕೆ ಬೇಡ, ಒಂದು ಪದ ಟೈಪ್ ಮಾಡಲಿ, ಕಂಪ್ಯೂಟರ್ ಹೋಲಿಸಿ ನೋಡಲಿ’ ಅಂತ ಹಲವರು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಇದು ಸುಲಭ. ಕನ್ನಡದಲ್ಲಿ ಗುಂಡಿಗಳಿವೆ, ಎಚ್ಚರ.

‘ಶಿವಮೊಗ್ಗ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ‘ಮೊ’ದಲ್ಲಿರುವ ಒತ್ವದ ಗುರುತನ್ನು, ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಕೊಂಬು ಅಂತ ಎರಡು ಸಂಕೇತ ಸೇರಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಬೇರೆ ಬೇರೆ. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಸರಿಯಾಗಿ ಬರೆದ ಹುಡುಗಿಗೆ ಸೊನ್ನೆ ಬೀಳುತ್ತದೆ. ಇನ್ನೊಂದು: ‘ಬಂಡವಾಳ’ ಮತ್ತು ‘ಬ೦ಡವಾಳ’. ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿ ಸೊನ್ನೆ ಕೂತಿದೆ. ಹಳೇ ಅಭ್ಯಾಸದಲ್ಲಿ ಟೈಪ್ ಮಾಡುವವರು ಹೀಗೆ ಬರೆಯುತ್ತಾರೆ. ಮೇಷ್ಟ್ರಿಗೆ ವ್ಯತ್ಯಾಸ ಕಾಣುವುದೇ ಇಲ್ಲ.

ಮೂರನೆಯದು ವಿಭಕ್ತಿ. ಉತ್ತರ ‘ಬೇಡಿಕೆ’ ಅಂತಿದ್ದರೆ ಮಕ್ಕಳು ‘ಬೇಡಿಕೆಯು’ ಅಂತಲೂ ‘ಬೇಡಿಕೆಯಿಂದ’ ಅಂತಲೂ ಬರೆಯುತ್ತಾರೆ. ಮೂಡಲ್‌ನಲ್ಲಿ ‘ಬೇಡಿಕೆ’ಯ ಮುಂದೆ ನಕ್ಷತ್ರದ ಗುರುತು ಹಾಕಿದರೆ ಅದರ ನಂತರ ಏನಿದ್ದರೂ ಒಪ್ಪಿಕೊಳ್ಳುತ್ತದೆ. ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ‘ಹಣ’ ಅನ್ನುವ ಉತ್ತರಕ್ಕೆ ಹಾಗೆ ನಕ್ಷತ್ರ ಹಾಕಿದರೆ ‘ಹಣ್ಣು’ ಅಂತ ಬರೆದವರಿಗೂ ಪೂರ್ತಿ ಅಂಕ.

ಪ್ರಬಂಧವನ್ನು ಯಂತ್ರ ತಿದ್ದುವ ವಿಚಾರ ಹೊಸದಲ್ಲ. ಎಲಿಸ್ ಪೇಜ್ ಅಮೆರಿಕದಲ್ಲಿ 1966ರಲ್ಲೇ ಶುರು ಮಾಡಿದರು. ಆ ಯಂತ್ರಕ್ಕೆ ಅರ್ಥ ತಿಳಿಯುತ್ತಿರಲಿಲ್ಲ. ಪ್ರಬಂಧದ ಉದ್ದ, ಪದಗಳ ಉದ್ದ, ಅಲ್ಪವಿರಾಮ ಇಂಥವನ್ನು ಎಣಿಸಿ ಅಂಕ ಊಹಿಸುತ್ತಿತ್ತು. ಮುಂದೆ ಲೆಸ್ ಪೆರೆಲ್ಮನ್ ಎಂಬ ಪ್ರಾಧ್ಯಾಪಕರು ಕೆಲವು ವಿದ್ಯಾರ್ಥಿಗಳ ಜೊತೆ ಸೇರಿ ತಲೆಬುಡ ಇಲ್ಲದ ದೊಡ್ಡ ದೊಡ್ಡ ಪದಗಳ ಪ್ರಬಂಧ ಕಟ್ಟುವ ಪ್ರೋಗ್ರಾಂ ಮಾಡಿ, ಅಂಥ ಯಂತ್ರಗಳಿಂದ ಒಳ್ಳೆಯ ಅಂಕ ಬರುವುದನ್ನು ತೋರಿಸಿದರು. ಈಗಿನ ಎಐ ಅದಕ್ಕಿಂತ ಎಷ್ಟೋ ಮುಂದಿದೆ. ಆದರೂ ಕನ್ನಡ ಮಾಧ್ಯಮದ ಮಗುವಿನ ಡಿಗ್ರಿಯ ಅಂಕವನ್ನು ಮನುಷ್ಯರು ಓದದೆ ಯಂತ್ರದ ಮಾತಿನ ಮೇಲೆ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ನಮ್ಮ ಬರವಣಿಗೆಯನ್ನು ಅದು ನೋಡಿರುವುದೇ ಕಡಿಮೆ.

ಲೆಕ್ಕದಮೇಷ್ಟ್ರು · ಬುಧವಾರ ಸಂಜೆ 5:45

ಗಣಿತಕ್ಕೆ ಒಂದು ಅನುಕೂಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ‘ಸ್ಟ್ಯಾಕ್’ ಅಂತ ಮೂಡಲ್‌ಗೆ ಜೋಡಿಸುವ ಒಂದು ಪ್ಲಗಿನ್ ಇದೆ. ಅದರ ಹಿಂದೆ ‘ಮ್ಯಾಕ್ಸಿಮಾ’ ಎಂಬ ಬೀಜಗಣಿತ ತಂತ್ರಾಂಶ ಕೂತಿರುತ್ತದೆ. ಉತ್ತರವನ್ನು ಬಿಡಿಸಿ ಬರೆದರೂ ಸರಿ, ಆವರಣ ಹಾಕಿ ಬರೆದರೂ ಸರಿ, ಎರಡೂ ಒಂದೇ ಅಂತ ಅದಕ್ಕೆ ಗೊತ್ತಾಗುತ್ತದೆ. ಅನುಕಲನ ಮಾಡಿ ಕೊನೆಯ ಸ್ಥಿರಾಂಕ ಬಿಟ್ಟರೆ ‘ಸ್ಥಿರಾಂಕ ಬಿಟ್ಟಿದ್ದೀಯ’ ಅಂತಲೇ ಹೇಳುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಅಂಕಿ ಕೊಡುತ್ತದೆ, ಪಕ್ಕದವರದ್ದು ನೋಡಿ ಬರೆದು ಪ್ರಯೋಜನ ಇಲ್ಲ. ಅರ್ಥಶಾಸ್ತ್ರದಲ್ಲೂ ಶೇಕಡಾವಾರು, ಸೂಚ್ಯಂಕ, ಸ್ಥಿತಿಸ್ಥಾಪಕತ್ವದ ಲೆಕ್ಕ ಇವಕ್ಕೆ ಮೂಡಲ್‌ನ ಮಾಮೂಲಿ ಸಂಖ್ಯಾ ಪ್ರಶ್ನೆಯೇ ಸಾಕು.

ಕಾನುಮನೆ ಮೇಡಂ, ನಿಮ್ಮದು ಐದು ತಂಡ ಅಂದಿರಿ. ಮೊದಲ ತಂಡ ಹೊರಗೆ ಬಂದ ಕೂಡಲೇ ಪ್ರಶ್ನೆಗಳು ಹೊರಗೆ ಬರುತ್ತವೆ. ಅದಕ್ಕೆ ಪ್ರಶ್ನೆ ಬ್ಯಾಂಕ್ ಬೇಕು. ಘಟಕಕ್ಕೆ 12 ಪ್ರಶ್ನೆ ಇಟ್ಟು ಒಬ್ಬೊಬ್ಬರಿಗೂ ಅದರಲ್ಲಿ ನಾಲ್ಕು ಬರುವ ಹಾಗೆ ಮಾಡಿ. ಜೆಇಇ ಮೇನ್‌ನಂಥ ಪರೀಕ್ಷೆಯಲ್ಲಿ ಪಾಳಿಗೊಂದು ಪ್ರಶ್ನೆಪತ್ರಿಕೆ ಇರುವುದರಿಂದಲೇ ಅಂಕದ ಬದಲು ಪರ್ಸೆಂಟೈಲ್ (ಆ ಪಾಳಿಯಲ್ಲಿ ನೂರಕ್ಕೆ ಎಷ್ಟು ಜನರಿಗಿಂತ ಮುಂದಿದ್ದಾರೆ ಅನ್ನುವುದು) ಹಿಡಿದು ಸರಿದೂಗಿಸುತ್ತಾರೆ. ನಮಗೆ ಅಷ್ಟು ಬೇಡ. ನಾಲ್ಕು ಕಾಲೇಜಿನವರು ಸೇರಿ ಪ್ರಶ್ನೆ ಬರೆದರೆ ಒಂದು ಸೆಮಿಸ್ಟರಿಗೆ ಬ್ಯಾಂಕ್ ತುಂಬುತ್ತದೆ.

ತುಂಗೆದಂಡೆ · ಬುಧವಾರ ಸಂಜೆ 6:30

ಕಾಪಿ ತಡೆಯಲು ಕ್ಯಾಮೆರಾ ಆನ್ ಮಾಡಿಸಿ ಮನೆಯಿಂದಲೇ ಬರೆಸುತ್ತಾರಲ್ಲ, ಅದು ಬೇಡ ಅಂತ ಬೇಡಿಕೊಳ್ಳುತ್ತೇನೆ. ನಮ್ಮಲ್ಲಿ ಅಷ್ಟು ನೆಟ್ ಇಲ್ಲ. ಇದ್ದರೂ ಒಂದೇ ಕೋಣೆಯ ಮನೆಯಲ್ಲಿ ಹಿಂದೆ ಅಜ್ಜಿ ಓಡಾಡಿದರೆ ‘ಅನುಮಾನಾಸ್ಪದ’ ಅಂತ ಗುರುತು ಬೀಳುತ್ತದೆ. ಸ್ವಯಂ ಎಂಬ ಸರ್ಕಾರಿ ಆನ್‌ಲೈನ್ ತಾಣದಲ್ಲಿ ಬರುವ ಎನ್‌ಪಿಟಿಇಎಲ್ (ಐಐಟಿಗಳ) ಕೋರ್ಸುಗಳ ಪದ್ಧತಿ ನನಗೆ ಇಷ್ಟ. ವಾರದ ಅಸೈನ್‌ಮೆಂಟ್ ಮನೆಯಲ್ಲಿ ಮಾಡಿ. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಬಂದ 8 ಮಾತ್ರ ಲೆಕ್ಕಕ್ಕೆ, ಅದಕ್ಕೆ 25 ಅಂಕ. 75 ಅಂಕದ ಪರೀಕ್ಷೆಗೆ ಮಾತ್ರ ಕೇಂದ್ರಕ್ಕೆ ಹೋಗಿ ಕೂರಬೇಕು. ಒಂದು ವಾರ ಕರೆಂಟ್ ಇಲ್ಲದಿದ್ದರೂ ಭಯ ಇಲ್ಲ.

ಕಾನುಮನೆ · ಮೂರು ವಾರದ ನಂತರ, ಭಾನುವಾರ ಬೆಳಿಗ್ಗೆ 10:00

ಮತ್ತೆ ನಾನು. ನೀವೆಲ್ಲ ಹೇಳಿದ್ದನ್ನು ಇಟ್ಟುಕೊಂಡು ಎರಡನೇ ಟೆಸ್ಟ್ ಮಾಡಿದೆವು. ಲ್ಯಾಪ್‌ಟಾಪ್ ಸರ್ವರ್, ಇಂಟರ್ನೆಟ್ ಇಲ್ಲ. ಮಧ್ಯೆ ಎರಡು ಸಲ ಕರೆಂಟ್ ಹೋಯಿತು, ಒಂದು ಉತ್ತರವೂ ಕಳೆಯಲಿಲ್ಲ. ಲ್ಯಾಬ್‌ಬಾಗಿಲು ಅವರಿಗೆ ಕೈ ಮುಗಿಯುತ್ತೇನೆ. 15 ಪ್ರಶ್ನೆ, ಹೆಚ್ಚಿನವು ನಮ್ಮ ಊರಿನ ಸಂಗತಿ ಇಟ್ಟುಕೊಂಡು. ಸರಾಸರಿ 15ಕ್ಕೆ 8. ಕಡಿಮೆ ಆಯಿತು, ಆದರೆ ಈ 8ರ ಮೇಲೆ ನನಗೆ ನಂಬಿಕೆ ಇದೆ.

ಒಂದು ಪ್ರಶ್ನೆ ಮಾತ್ರ ಅರ್ಥ ಆಗುತ್ತಿಲ್ಲ. ಇದು ಎಲ್ಲರಿಗೂ ಕೊಟ್ಟದ್ದು:

‘ಅಡಿಕೆ ಬೆಲೆ ಈ ತಿಂಗಳು ಬಹಳ ಏರಿತು. ಈ ತಿಂಗಳು ಮಾರುಕಟ್ಟೆಗೆ ಬರುವ ಅಡಿಕೆ ಏನಾಗುತ್ತದೆ?
ಅ) ಅಷ್ಟಾಗಿ ಬದಲಾಗುವುದಿಲ್ಲ
ಆ) ಕೂಡಲೇ ಜಾಸ್ತಿಯಾಗುತ್ತದೆ
ಇ) ಕಡಿಮೆಯಾಗುತ್ತದೆ
ಈ) ಬೆಲೆಗೂ ಪೂರೈಕೆಗೂ ಸಂಬಂಧವಿಲ್ಲ’

ಮರ ಫಸಲು ಕೊಡಲು ವರ್ಷಗಳು ಬೇಕು, ಹಾಗಾಗಿ ಸರಿ ಉತ್ತರ ‘ಅ’ ಅಂತ ಇಟ್ಟಿದ್ದೆ. ಒಟ್ಟು ಅಂಕದಲ್ಲಿ ಮೇಲಿರುವ 32 ಮಕ್ಕಳಲ್ಲಿ ‘ಅ’ ಒತ್ತಿದವರು 9 ಜನ, ‘ಆ’ ಒತ್ತಿದವರು 20. ಕೆಳಗಿನ 32 ಮಕ್ಕಳಲ್ಲಿ 14 ಜನ ‘ಅ’ ಒತ್ತಿ ಅಂಕ ತೆಗೆದುಕೊಂಡಿದ್ದಾರೆ. ಚೆನ್ನಾಗಿ ಓದುವವರೇ ತಪ್ಪು ಮಾಡಿದ್ದಾರೆ. ಯಾಕೆ?

ಲೆಕ್ಕದಮೇಷ್ಟ್ರು · ಭಾನುವಾರ ಬೆಳಿಗ್ಗೆ 10:40

ಮೇಡಂ, ಇದನ್ನು ನೀವು ಹುಡುಕಿದ್ದು ನೋಡಿ ಬಹಳ ಸಂತೋಷವಾಯಿತು. ಮೇಲಿನ ಶೇಕಡಾ 27 ಮತ್ತು ಕೆಳಗಿನ ಶೇಕಡಾ 27 ಜನರನ್ನು ಹೋಲಿಸುವ ಪದ್ಧತಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಟ್ರೂಮನ್ ಕೆಲ್ಲಿ 1939ರಲ್ಲಿ ಹೇಳಿದ್ದು. 9ರಲ್ಲಿ 14 ಕಳೆದು 32ರಿಂದ ಭಾಗಿಸಿ. ಮೈನಸ್ 0.16. ಚೆನ್ನಾಗಿ ಓದಿದವರನ್ನೂ ಓದದವರನ್ನೂ ಪ್ರಶ್ನೆ ಎಷ್ಟು ಬೇರೆ ಮಾಡಿ ತೋರಿಸುತ್ತದೆ ಅಂತ ಹೇಳುವ ಸೂಚ್ಯಂಕ ಇದು. ಒಳ್ಳೆಯ ಪ್ರಶ್ನೆಗೆ ಪ್ಲಸ್ 0.3ಕ್ಕಿಂತ ಮೇಲಿರಬೇಕು. ಮೈನಸ್ ಬಂದರೆ ಮಕ್ಕಳ ಮೇಲೆ ಅನುಮಾನ ಪಡಬೇಡಿ, ಮೊದಲು ಪ್ರಶ್ನೆಯ ಮೇಲೆ ಪಡಿ. ಸರಿ ಉತ್ತರ ತಪ್ಪಾಗಿ ಗುರುತಾಗಿದೆ, ಇಲ್ಲವೇ ಪ್ರಶ್ನೆಗೆ ಎರಡು ಅರ್ಥ ಇದೆ. 20 ಜನ ಒಳ್ಳೆಯ ವಿದ್ಯಾರ್ಥಿಗಳು ‘ಆ’ ಒತ್ತಿದ್ದಾರೆ ಅಂದರೆ ಅವರಿಗೆ ಏನೋ ಗೊತ್ತಿದೆ.

ಪೇಪರ್ ಟೆಸ್ಟಿನಲ್ಲಿ ಇದು ಎಂದಿಗೂ ಹೊರಗೆ ಬರುವುದಿಲ್ಲ. ನಾವು ಒಂದೊಂದೇ ಪತ್ರಿಕೆಗೆ ತಪ್ಪು ಹಾಕುತ್ತಾ ಹೋಗುತ್ತೇವೆ.

ಅಡಿಕೆದಬ್ಬೆ · ಭಾನುವಾರ ಮಧ್ಯಾಹ್ನ 12:15

ಮೇಡಂ, ನಾನು ಮೇಷ್ಟ್ರಲ್ಲ, ತೋಟ ಮಾಡಿಕೊಂಡಿರುವವನು. ಮಗಳು ಡಿಗ್ರಿ ಓದುತ್ತಿದ್ದಾಳೆ, ಅವಳೇ ಇದನ್ನು ತೋರಿಸಿದಳು. ಆ 20 ಮಕ್ಕಳು ಹೇಳಿದ್ದು ಸರಿ ಮಾರಾಯ್ರೇ.

ಅಡಿಕೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಎಲ್ಲವನ್ನೂ ಅವತ್ತೇ ಮಾರುವುದಿಲ್ಲ. ಖರ್ಚಿಗೆ ಬೇಕಾದಷ್ಟು ಮಂಡಿಗೋ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಹಾಕುತ್ತೇವೆ. ಉಳಿದದ್ದು ಮೂಟೆ ಕಟ್ಟಿ ಅಟ್ಟದಲ್ಲಿ ಇರುತ್ತದೆ. ರಾಶಿ ಅಡಿಕೆಯ ದರ ಏರಿತು ಅಂತ ಸುದ್ದಿ ಬಂದರೆ ಮರುದಿನ ಬೆಳಿಗ್ಗೆಯೇ ಗಾಡಿ ಶಿವಮೊಗ್ಗಕ್ಕೆ ಹೊರಡುತ್ತದೆ. ಬೆಳೆ ಜಾಸ್ತಿ ಆಗಲು ವರ್ಷಗಳು ಬೇಕು ನಿಜ. ಮಾರುಕಟ್ಟೆಗೆ ಬರುವ ಅಡಿಕೆ ಜಾಸ್ತಿ ಆಗಲು ಒಂದು ದಿನ ಸಾಕು. ನೀವು ಕೇಳಿದ್ದು ಮಾರುಕಟ್ಟೆಗೆ ಬರುವುದನ್ನು.

ಇನ್ನೂ ಒಂದು ಮಾತು. ‘ಇನ್ನೂ ಏರುತ್ತದೆ’ ಅಂತ ಮೂಟೆ ಬಿಚ್ಚದೆ ಕಾಯುವವರೂ ಇದ್ದಾರೆ. ಹಾಗೆ ಎಲ್ಲರೂ ಕಾದರೆ ‘ಇ’ ಕೂಡ ಸರಿಯೇ.

ಕಾನುಮನೆ · ಭಾನುವಾರ ಮಧ್ಯಾಹ್ನ 12:50

ಅಣ್ಣಾ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ. ಉತ್ಪಾದನೆ ಬೇರೆ, ಪೂರೈಕೆ ಬೇರೆ ಅಂತ ನಾನೇ ಮೊದಲ ಪಾಠದಲ್ಲಿ ಹೇಳಿಕೊಡುತ್ತೇನೆ. ಪ್ರಶ್ನೆ ಬರೆಯುವಾಗ ಎರಡನ್ನೂ ಕಲಸಿಬಿಟ್ಟೆ. ಮಕ್ಕಳು ಕಲಸಲಿಲ್ಲ. ‘ಅ’ ಮತ್ತು ‘ಆ’ ಎರಡಕ್ಕೂ ಅಂಕ ಕೊಟ್ಟು ಪಟ್ಟಿ ಸರಿ ಮಾಡಿಯೇ ವಿಶ್ವವಿದ್ಯಾಲಯಗಳ ಅಂಕ ದಾಖಲಿಸುವ ಸರ್ಕಾರಿ ತಾಣ ಯುಯುಸಿಎಂಎಸ್‌ಗೆ ಏರಿಸುತ್ತೇನೆ. ‘ಇ’ ಒತ್ತಿದ 11 ಮಕ್ಕಳನ್ನು ನಾಳೆ ಕರೆದು ಯಾಕೆ ಒತ್ತಿದಿರಿ ಅಂತ ಕೇಳುತ್ತೇನೆ. ಕಾಯುವ ಮಾತು ಹೇಳಿದವರಿಗೆ ಅಂಕ ಖಂಡಿತ.

ಕೆಂಪುಶಾಯಿ · ಭಾನುವಾರ ರಾತ್ರಿ 8:00

ಆ ‘ಯಾಕೆ’ ಅನ್ನುವುದನ್ನೇ ಟೆಸ್ಟಿನೊಳಗೆ ಸೇರಿಸಿ ಮೇಡಂ. ಆಯ್ಕೆ ಒತ್ತಿದ ಮೇಲೆ ಒಂದು ಹಾಳೆಯಲ್ಲಿ ಮೂರು ಸಾಲು ಕೈಯಲ್ಲಿ ಬರೆಯಲಿ. ಎಲ್ಲ ಪ್ರಶ್ನೆಗೂ ಬೇಡ, ಎರಡಕ್ಕೆ ಸಾಕು. 240 ಸಣ್ಣ ಉತ್ತರ, ಒಂದು ಸಂಜೆಯ ಓದು. ಈ ಚರ್ಚೆ ಶುರುವಾದಾಗ ನಾನು ಆಯ್ಕೆ ಪ್ರಶ್ನೆಗಳನ್ನು ಪೂರ್ತಿ ತಳ್ಳಿಹಾಕಿದ್ದೆ. ಆ ಮೈನಸ್ 0.16 ನೋಡಿದ ಮೇಲೆ ಅಷ್ಟು ಖಡಾಖಂಡಿತವಾಗಿ ಹೇಳಲಾರೆ.

ಕಾನುಮನೆ · ಎರಡು ವಾರದ ನಂತರ, ಶನಿವಾರ ಸಂಜೆ 4:30

ಹಾಗೇ ಮಾಡಿದೆ ಸರ್. ಹಳೇ ಪ್ರಶ್ನೆಯನ್ನು ಎರಡಾಗಿ ಒಡೆದೆ. ಒಂದು, ಮುಂದಿನ ವರ್ಷದ ಬೆಳೆಯ ಬಗ್ಗೆ. ಇನ್ನೊಂದು, ಈ ವಾರ ಮಂಡಿಗೆ ಬರುವ ಮೂಟೆಯ ಬಗ್ಗೆ. ಎರಡನೆಯದಕ್ಕೆ ಮೂರು ಸಾಲು ಕಾರಣ ಬರೆಯಬೇಕು. ಬೆಳೆಯ ಪ್ರಶ್ನೆಯ ಸೂಚ್ಯಂಕ ಈಗ 0.41. ಮೊದಲ ಟೆಸ್ಟಿನ ಮಾರನೇ ದಿನ ಬಾಯಿ ಬಿಡದ ಒಬ್ಬ ಹುಡುಗ ಹೀಗೆ ಬರೆದಿದ್ದಾನೆ: ‘ಅಪ್ಪ ಅಟ್ಟದಿಂದ ಮೂಟೆ ಇಳಿಸಿದರೆ ಪೂರೈಕೆ ಏರುತ್ತದೆ. ಅಟ್ಟ ಖಾಲಿಯಾದ ಮೇಲೆ ಬೆಲೆ ಎಷ್ಟು ಏರಿದರೂ ಏರುವುದಿಲ್ಲ.’ ಅಲ್ಪಾವಧಿ, ದೀರ್ಘಾವಧಿ ಪಾಠ ಶುರು ಮಾಡಲು ನನಗೆ ಇನ್ನೇನು ಬೇಕು?

ಪಕ್ಕದ ಮೂರು ಕಾಲೇಜಿನವರು ಪ್ರಶ್ನೆ ಬ್ಯಾಂಕಿಗೆ ಸೇರಲು ಒಪ್ಪಿದ್ದಾರೆ. ಯಾರಾದರೂ ಪ್ರಶ್ನೆ ಕಳಿಸುವುದಿದ್ದರೆ ಇಲ್ಲೇ ಹಾಕಿ.

ಅಡಿಕೆದಬ್ಬೆ · ಶನಿವಾರ ರಾತ್ರಿ 9:10

ಇದು ಮಗಳು ಬರೆದದ್ದು, ನೋಡಿ ಮೇಡಂ.

‘ಈ ವರ್ಷ ಮಳೆ ಜಾಸ್ತಿಯಾಗಿ ಬೋರ್ಡೋ ಔಷಧ ಹೊಡೆಯಲು ಬಿಡುವೇ ಸಿಗಲಿಲ್ಲ. ತೋಟಗಳಿಗೆ ಕೊಳೆ ರೋಗ ಬಂತು. ಅಡಿಕೆಯ ಪೂರೈಕೆ ರೇಖೆಗೆ ಏನಾಗುತ್ತದೆ?
ಅ) ರೇಖೆ ಬಲಕ್ಕೆ ಸರಿಯುತ್ತದೆ
ಆ) ಅದೇ ರೇಖೆಯ ಮೇಲೆ ಕೆಳಗೆ ಇಳಿಯುತ್ತದೆ
ಇ) ಬೆಲೆ ಬದಲಾಗದಿದ್ದರೂ ಮೊದಲಿಗಿಂತ ಕಡಿಮೆ ಅಡಿಕೆ ಸಿಗುವುದರಿಂದ ಇಡೀ ರೇಖೆಯೇ ಎಡಕ್ಕೆ ಸರಿಯುತ್ತದೆ
ಈ) ಏನೂ ಆಗುವುದಿಲ್ಲ’

ಕಾನುಮನೆ · ಶನಿವಾರ ರಾತ್ರಿ 9:35

ಎಷ್ಟು ಚೆನ್ನಾಗಿದೆ! ‘ಆ’ ನಿಜಕ್ಕೂ ನಮ್ಮ ಮಕ್ಕಳು ಮಾಡುವ ತಪ್ಪೇ. ಮಗಳಿಗೆ ಒಂದು ಮಾತು ಹೇಳಿ ಅಣ್ಣ. ‘ಇ’ ಉಳಿದವಕ್ಕಿಂತ ತುಂಬಾ ಉದ್ದವಾಗಿದೆ, ಪಾಠ ಓದದವರೂ ಅದನ್ನೇ ಒತ್ತುತ್ತಾರೆ. ‘ಇಡೀ ರೇಖೆ ಎಡಕ್ಕೆ ಸರಿಯುತ್ತದೆ’ ಅಂತ ಮೊಟಕು ಮಾಡಿ ಕಳಿಸಲಿ, ಕಾರಣವನ್ನು ಮೂರು ಸಾಲಿನಲ್ಲಿ ಮಕ್ಕಳೇ ಬರೆಯುತ್ತಾರೆ. ಬುಧವಾರದ ಟೆಸ್ಟಿಗೆ ಹಾಕುತ್ತೇನೆ.